ಮೂರು ನಿಮಿಷದಲ್ಲಿ ಹಿಡಿಸದ ಡ್ಯೂಕ್

ಇವತ್ತು ರಾಜಕೀಯ ಬೇಡ. ಒಂದು ರಾತ್ರಿಯ ಕಥೆ ಹೇಳ್ತೀನಿ.

1940ರ ನವೆಂಬರ್ 7. ಅಮೆರಿಕದ ಉತ್ತರ ಗಡಿಗೆ ಅಂಟಿಕೊಂಡಿರುವ ನಾರ್ತ್ ಡಕೋಟಾ ರಾಜ್ಯ. ಅಲ್ಲಿ ಫಾರ್ಗೋ ಅನ್ನೋ ಊರು. ಆ ಊರಿನ ಕ್ರಿಸ್ಟಲ್ ಬಾಲ್‌ರೂಂನಲ್ಲಿ ಜನ ಡ್ಯಾನ್ಸ್ ಮಾಡೋಕೆ ಸೇರಿದ್ದಾರೆ. ವೇದಿಕೆ ಮೇಲೆ ಡ್ಯೂಕ್ ಎಲಿಂಗ್ಟನ್ ಮತ್ತು ಅವರ ತಂಡ. ವೇದಿಕೆಯ ಹತ್ತಿರ ಇಬ್ಬರು ಯುವಕರು ಒಂದು ಯಂತ್ರ ಇಟ್ಟುಕೊಂಡು ಕೂತಿದ್ದಾರೆ. ಹೆಸರು ಜಾಕ್ ಟವರ್ಸ್ ಮತ್ತು ಡಿಕ್ ಬರಿಸ್. ಅವರು ಯಾವ ಕಂಪನಿಯವರೂ ಅಲ್ಲ. ಬರೀ ಅಭಿಮಾನಿಗಳು. ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಅನುಮತಿ ಕೇಳಿದ್ದರು. ಸಿಕ್ಕಿತ್ತು. ತಮ್ಮ ಸಂತೋಷಕ್ಕೆ ಅಂತ ರೆಕಾರ್ಡ್ ಮಾಡಿಕೊಂಡರು. ಅಷ್ಟೇ.

ಅದರಲ್ಲೇನು ವಿಶೇಷ ಅಂತೀರಾ? ನೋಡಿ, ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚುಕಮ್ಮಿ ಮೂರು ನಿಮಿಷದ ಸಂಗೀತ. ಸ್ಟುಡಿಯೋಗೆ ಹೋದರೆ ಡ್ಯೂಕ್‌ನಂಥ ಡ್ಯೂಕ್ ಕೂಡ ಗಡಿಯಾರ ನೋಡಿಕೊಂಡೇ ನುಡಿಸಬೇಕಿತ್ತು. ಆದರೆ ಡ್ಯಾನ್ಸ್ ಹಾಲ್‌ನಲ್ಲಿ ಆ ಕಾಟ ಇರಲಿಲ್ಲ. ಅಲ್ಲಿ ಆ ತಂಡ ನಿಜವಾಗಿ ಹೇಗೆ ನುಡಿಸುತ್ತಿತ್ತು ಅನ್ನೋದಕ್ಕೆ ನಮಗೆ ಸಿಕ್ಕಿರುವ ಅತ್ಯುತ್ತಮ ಸಾಕ್ಷಿಗಳಲ್ಲಿ ಇದೂ ಒಂದು. ಎರಡು ಗಂಟೆಗೂ ಹೆಚ್ಚಿನ ಸಂಗೀತ. ಕೆಲವು ಹಾಡುಗಳು ಅರ್ಧಕ್ಕೇ ನಿಂತುಹೋಗಿವೆ. ಇರಲಿ. ಕಣ್ಣು ಮುಚ್ಚಿಕೊಂಡು ಕೇಳಿದರೆ ಆ ಹಾಲ್‌ನಲ್ಲಿ ನಾವೂ ನಿಂತ ಹಾಗಾಗುತ್ತೆ.

ಈಗ ಡ್ಯೂಕ್ ಯಾರು ಅಂತ ಹೇಳಬೇಕು. 1899ರ ಏಪ್ರಿಲ್ 29ರಂದು ವಾಷಿಂಗ್ಟನ್‌ನಲ್ಲಿ ಹುಟ್ಟಿದವರು. ನಿಜವಾದ ಹೆಸರು ಎಡ್ವರ್ಡ್ ಕೆನೆಡಿ ಎಲಿಂಗ್ಟನ್. ಉಡುಗೆ ತೊಡುಗೆ, ಠೀವಿ ನೋಡಿ ಗೆಳೆಯರು ಡ್ಯೂಕ್ ಅಂದರು, ಅದೇ ಉಳೀತು. 1927ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್‌ಗೆ ಸೇರಿದರು. ಅಲ್ಲಿ ನುಡಿಸುವವರು, ಕುಣಿಯುವವರು ಕಪ್ಪು ಜನ. ಕುರ್ಚಿಯಲ್ಲಿ ಕೂತು ನೋಡುವವರು ಬಿಳಿಯರು. ಆದರೆ ರೇಡಿಯೋ ಅಲೆಗೆ ಈ ಬೇಲಿ ಗೊತ್ತಿರಲಿಲ್ಲ. ಆ ಕ್ಲಬ್‌ನಿಂದ ಹೊರಟ ಸಂಗೀತ ದೇಶವೆಲ್ಲಾ ಕೇಳಿಸಿತು.

ಅವರು ನುಡಿಸುತ್ತಿದ್ದದ್ದು ಪಿಯಾನೋ. ಆದರೆ ಅವರ ನಿಜವಾದ ವಾದ್ಯ ಅವರ ತಂಡ. ಸಾಮಾನ್ಯವಾಗಿ ಸಂಗೀತ ಸಂಯೋಜಕರು ವಾದ್ಯಕ್ಕೆ ಬರೀತಾರೆ: ಇದು ಟ್ರಂಪೆಟ್‌ಗೆ, ಇದು ಸ್ಯಾಕ್ಸೊಫೋನ್‌ಗೆ. ಡ್ಯೂಕ್ ಮನುಷ್ಯರಿಗೆ ಬರೆದರು. ಸ್ವರ ಬರೆದ ಹಾಳೆಯ ಮೇಲೆ ವಾದ್ಯದ ಹೆಸರಿನ ಬದಲು ನುಡಿಸುವವನ ಹೆಸರೇ ಇರುತ್ತಿತ್ತು. ಕೂಟಿ ವಿಲಿಯಮ್ಸ್‌ಗಾಗಿ ಬರೆದ ಕೃತಿಯ ಹೆಸರೇ ‘ಕನ್ಸರ್ಟೋ ಫಾರ್ ಕೂಟಿ’. ಟ್ರಿಕಿ ಸ್ಯಾಮ್ ನ್ಯಾಂಟನ್ ಅಂತ ಒಬ್ಬ ಇದ್ದ. ಸಿಂಕ್ ಕಟ್ಟಿಕೊಂಡಾಗ ಒತ್ತುತ್ತೀವಲ್ಲ, ಆ ರಬ್ಬರ್ ಬಟ್ಟಲನ್ನ ಟ್ರಾಂಬೋನ್ ಬಾಯಿಗೆ ಹಿಡಿದು ವಾದ್ಯ ಮಾತಾಡುವಂತೆ ಮಾಡುತ್ತಿದ್ದ. ಆ ದನಿಯನ್ನ ಹಾಳೆ ಮೇಲೆ ಹೇಗೆ ಬರೀತೀರಿ? ಆಗಲ್ಲ. ಅದಕ್ಕೇ ಡ್ಯೂಕ್ ವಿಷಯದಲ್ಲಿ ಹಾಳೆ ಉಳಿದರೆ ಸಾಲದು, ರೆಕಾರ್ಡಿಂಗ್ ಉಳೀಬೇಕು. ಕೃತಿಯ ಅರ್ಧಭಾಗ ಇರೋದೇ ಅದರಲ್ಲಿ.

ಫಾರ್ಗೋದ ತಟ್ಟೆಗಳಲ್ಲಿ ಜಿಮ್ಮಿ ಬ್ಲಾಂಟನ್ ಇದ್ದಾನೆ. ಆಗ ಇಪ್ಪತ್ತೆರಡು ವರ್ಷದ ಹುಡುಗ. ಹಿಂದೆ ನಿಂತು ತಾಳ ಹಿಡಿಯುತ್ತಿದ್ದ ಬಾಸ್ ವಾದ್ಯವನ್ನ ಮುಂದೆ ತಂದು ಹಾಡಿಸಿದವನು. 1942ರಲ್ಲಿ ಕ್ಷಯರೋಗಕ್ಕೆ ಬಲಿಯಾದ. ಇಪ್ಪತ್ತಮೂರೇ ವರ್ಷ! ಅವನು ಡ್ಯೂಕ್ ಜೊತೆ ಇದ್ದದ್ದೇ ಎರಡು ವರ್ಷ. ಆ ಇಬ್ಬರು ಅಭಿಮಾನಿಗಳು ಆ ರಾತ್ರಿ ಯಂತ್ರ ಹೊತ್ತು ತರದೇ ಇದ್ದಿದ್ದರೆ? ಆ ರಾತ್ರಿಯ ಬ್ಲಾಂಟನ್ ನಮಗೆ ಇಲ್ಲ.

ಆ ಸಂಗೀತ ಅಧಿಕೃತವಾಗಿ ಹೊರಬಂದದ್ದು 1978ರಲ್ಲಿ. ಡ್ಯೂಕ್ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಆಮೇಲೆ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಇನ್ನೊಂದು ರೆಕಾರ್ಡಿಂಗ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. 1958ರಲ್ಲಿ ಇಂಗ್ಲೆಂಡಿನಲ್ಲಿ ಡ್ಯೂಕ್‌ಗೆ ರಾಣಿ ಎಲಿಜಬೆತ್ ಭೇಟಿಯಾಯಿತು. ಮರುವರ್ಷ ‘ದಿ ಕ್ವೀನ್ಸ್ ಸೂಟ್’ ಬರೆದು, ಸ್ವಂತ ಖರ್ಚಿನಲ್ಲಿ ರೆಕಾರ್ಡ್ ಮಾಡಿಸಿ, ಒಂದೇ ಒಂದು ಪ್ರತಿ ಅಚ್ಚು ಹಾಕಿಸಿ ರಾಣಿಗೆ ಕಳಿಸಿದರು. ತಾವು ಬದುಕಿರುವವರೆಗೆ ಅದನ್ನ ಮಾರಾಟಕ್ಕೆ ಬಿಡಲಿಲ್ಲ. ಜನರ ಕೈಗೆ ಅದು ಸಿಕ್ಕಿದ್ದು 1976ರಲ್ಲಿ.

ಭಾರತದ ನಂಟೂ ಇದೆ. 1963ರಲ್ಲಿ ಅಮೆರಿಕ ಸರ್ಕಾರ ಡ್ಯೂಕ್ ತಂಡವನ್ನ ಏಷ್ಯಾ ಪ್ರವಾಸಕ್ಕೆ ಕಳಿಸಿತ್ತು. ನಮ್ಮ ದೆಹಲಿಗೂ ಬಂದಿದ್ದರು. ಕೆನೆಡಿ ಹತ್ಯೆಯಾದ ಮೇಲೆ ಪ್ರವಾಸ ಅರ್ಧಕ್ಕೇ ನಿಂತಿತು. ಆದರೆ ಆ ನೆನಪಿನಿಂದ ಹುಟ್ಟಿದ್ದು ‘ಫಾರ್ ಈಸ್ಟ್ ಸೂಟ್’. ಅದರಲ್ಲಿ ‘ಬ್ಲೂಬರ್ಡ್ ಆಫ್ ಡೆಲ್ಲಿ’ ಅನ್ನೋ ಭಾಗ ಇದೆ. ಅದು ನಮ್ಮ ಮೈನಾ ಹಕ್ಕಿ ಸ್ವಾಮಿ! ಕ್ಲಾರಿನೆಟ್ ಅದರ ಉಲಿಯನ್ನೇ ಹಿಡಿದು ಮತ್ತೆ ಮತ್ತೆ ಕೂಗುತ್ತೆ. ಡ್ಯೂಕ್‌ಗೆ ಬಲಗೈಯಂತಿದ್ದ ಬಿಲ್ಲಿ ಸ್ಟ್ರೇಹಾರ್ನ್ ಕೂಡ ಈ ಕೃತಿಯ ಸಹ ಸಂಯೋಜಕ.

ಇಷ್ಟೆಲ್ಲಾ ಮಾಡಿದವರಿಗೆ ಸಿಕ್ಕ ಗೌರವ ಏನು? 1965ರಲ್ಲಿ ಪುಲಿಟ್ಜರ್ ಸಂಗೀತ ತೀರ್ಪುಗಾರರು ಡ್ಯೂಕ್‌ಗೆ ವಿಶೇಷ ಪುರಸ್ಕಾರ ಕೊಡಿ ಅಂದರು. ಮಂಡಳಿ ಆಗಲ್ಲ ಅಂದಿತು. ತೀರ್ಪುಗಾರರಲ್ಲಿ ಇಬ್ಬರು ರಾಜೀನಾಮೆ ಬಿಸಾಡಿ ಎದ್ದುಹೋದರು. ಕೊನೆಗೆ ಅದೇ ಪುಲಿಟ್ಜರ್ ಗೌರವ ಬಂದದ್ದು 1999ರಲ್ಲಿ, ಹುಟ್ಟಿ ನೂರು ವರ್ಷವಾದಾಗ. ಪಡೆಯೋಕೆ ಅವರೇ ಇರಲಿಲ್ಲ.

ಇದನ್ನ ನಾನ್ಯಾಕೆ ಹೇಳ್ತಿದ್ದೀನಿ ಗೊತ್ತಾ? ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹಳೇ ಟೇಪ್‌ಗಳ ಮೇಲೆ ಹೊಸ ಸುದ್ದಿ ರೆಕಾರ್ಡ್ ಮಾಡೋದು ಮಾಮೂಲಾಗಿತ್ತು. ಟೇಪ್ ದುಬಾರಿ, ಸುದ್ದಿ ಅಗ್ಗ. ಹಾಗೆ ಒಬ್ಬ ಹಿರಿಯ ಗಾಯಕರ ಜೊತೆ ನಾನು ಮಾಡಿದ್ದ ಒಂದು ಗಂಟೆಯ ಮಾತುಕತೆ ಅಳಿಸಿಹೋಯಿತು. ನಾನೂ ತಡೀಲಿಲ್ಲ. ಅವರು ಈಗ ಇಲ್ಲ. ಆ ಗಂಟೆಯೂ ಇಲ್ಲ.

ಟವರ್ಸ್ ಮತ್ತು ಬರಿಸ್ ದೊಡ್ಡ ಸಂಸ್ಥೆ ಕಟ್ಟಿಕೊಂಡು ಕಾಯಲಿಲ್ಲ. ಯಂತ್ರ ಹೊತ್ತು ಹೋದರು, ಕೇಳಿ ಅನುಮತಿ ಪಡೆದರು, ತಟ್ಟೆಗಳನ್ನ ಜೋಪಾನ ಮಾಡಿದರು. ನಿಮ್ಮ ಮನೆಯ ಅಟ್ಟದ ಮೇಲೂ ಅಜ್ಜಿ ಹಾಡಿದ ಒಂದು ಕ್ಯಾಸೆಟ್ ಇರಬಹುದು. ಈ ಭಾನುವಾರ ಇಳಿಸಿ. ಧೂಳು ಒರೆಸಿ, ಒಂದು ಪ್ರತಿ ಮಾಡಿಸಿ. ಮೇಲೆ ಯಾರು ಹಾಡಿದ್ದು, ಯಾವ ವರ್ಷ ಅಂತ ಬರೆದಿಡಿ.