ಹೆಬ್ಬೆಟ್ಟಿಗೆ ತೆತ್ತ ಬೆಲೆ ಹದಿನಾರು ಜೀವ: ಪೆರುಂಗಾಮನಲ್ಲೂರು ಏಕೆ ನೆನಪಿರಬೇಕು?

ತೇನಿ: ಸ್ವಾತಂತ್ರ್ಯ ಪುಕ್ಕಟೆಯಾಗಿ ಬಂದದ್ದಲ್ಲ ಎಂಬ ಮಾತು ಪ್ರತಿ ಆಗಸ್ಟ್ 15ರಂದು ಎಲ್ಲ ಶಾಲೆಗಳ ಧ್ವಜಕಂಬದ ಕೆಳಗೂ ಕೇಳಿಬರುತ್ತದೆ. ಭಾಷಣ ಮುಗಿದು ಮಿಠಾಯಿ ಹಂಚಿದ ಮೇಲೆ ಆ ಮಾತು ಮರೆತುಹೋಗುತ್ತದೆ. ಬೆಲೆ ತೆತ್ತವರು ಯಾರು, ಎಲ್ಲಿ, ಯಾವುದಕ್ಕಾಗಿ ಎಂದು ಕೇಳಿದರೆ ದೂರದ ಊರುಗಳ ಹೆಸರುಗಳೇ ನೆನಪಿಗೆ ಬರುತ್ತವೆ. ಆದರೆ ತೇನಿಯಿಂದ ಮಧುರೆಗೆ ಹೋಗುವ ಬಸ್ಸು ಆಂಡಿಪಟ್ಟಿ ಕಣಿವೆ ದಾಟಿ ಉಸಿಲಂಪಟ್ಟಿ ಸೇರುವಾಗ, ಅಂಥದೇ ಒಂದು ಊರು ಹತ್ತಿರದಲ್ಲಿ ಇದೆ. ಅದರ ಹೆಸರು ಪೆರುಂಗಾಮನಲ್ಲೂರು.

1920ರ ಏಪ್ರಿಲ್ 3ರಂದು ಆ ಹಳ್ಳಿಯಲ್ಲಿ ಪೊಲೀಸರ ಗುಂಡಿಗೆ 16 ಜನ ಬಲಿಯಾದರು. ಅವರಲ್ಲಿ ಒಬ್ಬಾಕೆ ಹೆಂಗಸು, ಹೆಸರು ಮಾಯಕ್ಕಾಳ್. ಅವರು ಖಜಾನೆ ಲೂಟಿ ಮಾಡಿರಲಿಲ್ಲ, ರೈಲು ಹಳಿ ಕಿತ್ತಿರಲಿಲ್ಲ. 'ನಾವು ಹುಟ್ಟು ಕಳ್ಳರಲ್ಲ, ಬೆರಳ ಗುರುತು ಕೊಡುವುದಿಲ್ಲ' ಎಂದಿದ್ದರು, ಅಷ್ಟೇ.

ಅಂದು ತೇನಿ, ದಿಂಡಿಗಲ್ ಎಂಬ ಪ್ರತ್ಯೇಕ ಜಿಲ್ಲೆಗಳು ಇರಲಿಲ್ಲ. ದಿಂಡಿಗಲ್ ಜಿಲ್ಲೆ ಆದದ್ದು 1985ರಲ್ಲಿ, ತೇನಿ ಜಿಲ್ಲೆ ಆದದ್ದು 1996ರಲ್ಲಿ. ಅಂದಿಗೆ ಎಲ್ಲವೂ ಮಧುರೆ ಜಿಲ್ಲೆಯೇ. ಆದ್ದರಿಂದ ಪೆರುಂಗಾಮನಲ್ಲೂರಿನ ಕಥೆ ಕಂಬಂ ಕಣಿವೆಯ ಕಥೆಯೂ ಹೌದು, ದಿಂಡಿಗಲ್‌ನ ಕಥೆಯೂ ಹೌದು.

ಕಾವಲು ಎಂಬ ಕಸುಬು

ಈ ಘಟನೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡ ನಾಡಿನ ಹಳ್ಳಿಗಳಲ್ಲಿ ತಳವಾರಿಕೆ ಇದ್ದಂತೆ ಮಧುರೆ ಸೀಮೆಯಲ್ಲಿ 'ಕಾವಲ್' ಎಂಬ ವ್ಯವಸ್ಥೆ ಇತ್ತು. ಪಿರಮಲೈ ಕಳ್ಳರ್ ಸಮುದಾಯದ ಅನೇಕ ಮನೆಗಳು ಹಳ್ಳಿಗಳ ಬೆಳೆ ಮತ್ತು ದನಗಳ ಕಾವಲನ್ನು ವಹಿಸಿಕೊಂಡಿದ್ದವು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲು ಸಿಗುತ್ತಿತ್ತು. ಕಳುವಾದ ದನವನ್ನು ಪತ್ತೆ ಮಾಡಿಕೊಟ್ಟರೆ 'ತುಪ್ಪುಕ್ಕೂಲಿ' ಎಂಬ ಹಣ ಕೊಡಬೇಕಿತ್ತು.

ದನ ಕಳೆದುಕೊಳ್ಳುವುದು ಎಂದರೇನು ಎಂದು ಕಂಬಂ ಕಣಿವೆಯ ಕನ್ನಡ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಕಂಬಂನ ನಂದಗೋಪಾಲನ್ ತಂಬಿರಾನ್ ಮಾಟ್ಟು ತೊಳುವಿಗೆ ಪೊಂಗಲ್ ಹಬ್ಬದಲ್ಲಿ ಹೋಗಿ ಕೈಮುಗಿದು ಬರುವವರಿಗೆ ದನವೇ ದೇವರು. ಅಂಥ ರೈತರಿಗೆ ಕಾವಲುಗಾರ ಬೇಕಾಗಿದ್ದ. ಆದರೆ ಕಾವಲಿನ ಹಣ ಕೊಡದ ಮನೆಯ ದನವೇ ಮಾಯವಾಗುತ್ತದೆ, ಮಾಯ ಮಾಡಿದವರೇ ಪತ್ತೆ ಮಾಡಿಕೊಟ್ಟು ಕೂಲಿ ಕೇಳುತ್ತಾರೆ ಎಂಬ ದೂರು ಬೆಳೆಯುತ್ತಾ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಸಿಟ್ಟು ರೈತರಲ್ಲಿ ಮಡುಗಟ್ಟಿತು.

1896ರಲ್ಲಿ ಆ ಸಿಟ್ಟು ದಿಂಡಿಗಲ್ ಕಡೆ ಸ್ಫೋಟಿಸಿತು. ಹಳ್ಳಿಗಳು ಕಳ್ಳರ್ ಕಾವಲುಗಾರರನ್ನು ಕೈಬಿಟ್ಟು ತಮ್ಮದೇ ನಿಧಿ ಕೂಡಿಸಿದವು. ಕಳವಾದರೆ ಆ ನಿಧಿಯಿಂದ ಪರಿಹಾರ ಕೊಡುವುದೆಂದು ನಿಶ್ಚಯವಾಯಿತು. ನಿಧಿಗೆ ಇಂಗ್ಲಿಷ್‌ನಲ್ಲಿ ಫಂಡ್ ಅನ್ನುತ್ತಾರಲ್ಲ, ಅದೇ ಜನರ ಬಾಯಲ್ಲಿ 'ಪಂಡು' ಆಗಿ ಚಳವಳಿಗೂ ಹೆಸರಾಯಿತು. ಅನೇಕ ಕಡೆ ಕಳ್ಳರ್ ಕುಟುಂಬಗಳನ್ನು ಊರು ಬಿಡಿಸಲಾಯಿತು, ಮನೆಗಳಿಗೆ ಬೆಂಕಿ ಬಿತ್ತು. ಕಾವಲಿಗೆ ಹಣ ತೆರಬೇಕಿಲ್ಲ ಎಂಬ ರೈತರ ಸ್ವಾತಂತ್ರ್ಯಕ್ಕೆ ಅಲ್ಲಿ ಬೆಲೆ ತೆತ್ತವರು ತಪ್ಪು ಮಾಡಿದವರಷ್ಟೇ ಅಲ್ಲ, ಅವರ ಜಾತಿಯಲ್ಲಿ ಹುಟ್ಟಿದ ನಿರಪರಾಧಿಗಳೂ ಹೌದು.

ಕಾನೂನು ಏನು ಹೇಳಿತು?

ಇದೇ ತಪ್ಪನ್ನು ಸರ್ಕಾರ ಕಾನೂನಿನ ರೂಪದಲ್ಲಿ ಮಾಡಿತು. ಅಪರಾಧಿ ಬುಡಕಟ್ಟುಗಳ ಕಾಯಿದೆ 1871ರಲ್ಲಿ ಮೊದಲು ಉತ್ತರ ಭಾರತದಲ್ಲಿ ಬಂತು. 1911ರ ಹೊಸ ಕಾಯಿದೆ ಮದರಾಸು ಪ್ರಾಂತ್ಯಕ್ಕೂ ಕಾಲಿಟ್ಟಿತು. ಅದರ ಮುಖ್ಯಾಂಶಗಳು ಹೀಗಿದ್ದವು:

ಒಂದು, ಯಾವುದೇ ಸಮುದಾಯವನ್ನು ಅಪರಾಧಿ ಬುಡಕಟ್ಟು ಎಂದು ಸರ್ಕಾರ ಘೋಷಿಸಬಹುದು. ಆ ಘೋಷಣೆ ಸರಿಯೇ ತಪ್ಪೇ ಎಂದು ಯಾವ ಕೋರ್ಟಿನಲ್ಲೂ ಕೇಳುವಂತಿಲ್ಲ.

ಎರಡು, ಆ ಸಮುದಾಯದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಬೆರಳ ಗುರುತು ತೆಗೆದುಕೊಳ್ಳಬಹುದು.

ಮೂರು, ರಿಜಿಸ್ಟರಾದವರು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು. ಊರು ಬಿಟ್ಟು ಹೋಗುವುದಾದರೆ ತಿಳಿಸಿ ಹೋಗಬೇಕು.

ನಾಲ್ಕು, ಮತ್ತೆ ಮತ್ತೆ ಶಿಕ್ಷೆಗೆ ಒಳಗಾದರೆ ಇತರರಿಗಿಂತ ಅವರಿಗೆ ಶಿಕ್ಷೆ ಹೆಚ್ಚು. ಮಕ್ಕಳನ್ನು ತಂದೆ ತಾಯಿಯಿಂದ ಬೇರೆ ಮಾಡಿ ಇಡುವ ಅಧಿಕಾರವೂ ಸರ್ಕಾರಕ್ಕೆ ಇದೆ.

ಗಮನಿಸಿ, ಇಲ್ಲಿ ಕಳವು ಮಾಡಿದ ಮೇಲೆ ಕಳ್ಳನಲ್ಲ, ಹುಟ್ಟಿದ ಕೂಡಲೇ ಕಳ್ಳ! ಜನ ಇದನ್ನು 'ರೇಗೈ ಸಟ್ಟಂ', ಅಂದರೆ ರೇಖೆ ಕಾನೂನು ಎಂದು ಕರೆದರು. ಪರಊರಿಗೆ ಹೋಗಲು ಬೇಕಾದ ಚೀಟಿ 'ರಾದಾರಿ ಚೀಟ್ಟು' ಆಯಿತು. ನಮ್ಮ ಕನ್ನಡದ 'ರಹದಾರಿ'ಯೇ ಅದು. ರಾತ್ರಿ ಹೊತ್ತು ಗಂಡಸರು ಮನೆಯಲ್ಲಿ ಮಲಗದೆ ಪೊಲೀಸ್ ಠಾಣೆಯಲ್ಲೋ ಊರ ಚಾವಡಿಯಲ್ಲೋ ಮಲಗಬೇಕಾಗಿತ್ತು, ಹೊಸದಾಗಿ ಮದುವೆಯಾದವರಿಗೂ ರಿಯಾಯಿತಿ ಇರಲಿಲ್ಲ ಎಂದು ಆ ಕಡೆಯ ಹಿರಿಯರು ಹೇಳುತ್ತಾ ಬಂದಿದ್ದಾರೆ. ಹೊಲಕ್ಕೆ ನೀರು ಬಿಡುವ ಸರದಿ ರಾತ್ರಿ ಬಂದರೆ ರೈತ ಏನು ಮಾಡಬೇಕು? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಯಾರು ನೋಡಬೇಕು? ಕಾಯಿದೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಅಂದು ನಡೆದದ್ದು

ಬೇರೆ ಹಳ್ಳಿಗಳಲ್ಲಿ ಹೆಸರು ಬರೆಸುವ ಕೆಲಸ ನಡೆದು ಸರದಿ ಪೆರುಂಗಾಮನಲ್ಲೂರಿಗೆ ಬಂತು. ಊರಿನವರು ಒಪ್ಪಲಿಲ್ಲ. ತಾವು ಬೇಸಾಯಗಾರರು, ಕಂದಾಯ ಕಟ್ಟುವವರು, ತಮ್ಮ ಮೇಲೆ ಈ ಕಳಂಕ ಏಕೆ ಎಂಬುದು ಅವರ ವಾದ. ಏಪ್ರಿಲ್ 3ರಂದು ಸಶಸ್ತ್ರ ಪೊಲೀಸರೊಂದಿಗೆ ಅಧಿಕಾರಿಗಳು ಬಂದಾಗ ಜನ ಗುಂಪುಗೂಡಿದರು. ಮಾತಿಗೆ ಮಾತು ಬೆಳೆದು ಗುಂಡು ಹಾರಿತು. ಗಾಯಗೊಂಡು ಬಿದ್ದವರಿಗೆ ನೀರು ಕೊಡಲು ಹೋದ ಮಾಯಕ್ಕಾಳ್ ಕೂಡ ಬದುಕಲಿಲ್ಲ. ಬಳಿಕ ನೂರಾರು ಜನರನ್ನು ಸರಪಳಿಯಲ್ಲಿ ಕಟ್ಟಿ ತಿರುಮಂಗಲಂವರೆಗೆ ನಡೆಸಿಕೊಂಡು ಹೋದರು ಎಂಬುದು ಆ ಊರಿನ ನೆನಪು.

ಅಮೃತಸರದ ಜಲಿಯನ್‌ವಾಲಾಬಾಗ್ ಹತ್ಯಾಕಾಂಡ ನಡೆದು (1919ರ ಏಪ್ರಿಲ್ 13) ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಅದಕ್ಕೆ ಇಡೀ ದೇಶ ಕಣ್ಣೀರು ಹಾಕಿತು. ಇದಕ್ಕೆ ಕಣ್ಣೀರು ಹಾಕಿದವರು ಕಡಿಮೆ. 'ಕಳ್ಳರ ಊರಲ್ಲಿ ಗುಂಡು ಹಾರಿತು' ಎಂದರೆ ಪೇಟೆಯ ಜನಕ್ಕೆ ಅದೊಂದು ಪೊಲೀಸ್ ಸುದ್ದಿ. ಹಣೆಪಟ್ಟಿ ಒಮ್ಮೆ ಅಂಟಿದರೆ ಸತ್ತಾಗಲೂ ಬಿಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅವರ ಪರವಾಗಿ ನಿಂತವರಲ್ಲಿ ಮುಖ್ಯರು ಮಧುರೆಯ ವಕೀಲ ಜಾರ್ಜ್ ಜೋಸೆಫ್. ಕೇರಳದ ಚೆಂಗನ್ನೂರಿನವರಾದ ಇವರು ಈ ಜನರ ಮೊಕದ್ದಮೆಗಳನ್ನು ನಡೆಸಿದರು, ಕಾಯಿದೆಯ ವಿರುದ್ಧ ಪತ್ರಿಕೆಗಳಲ್ಲಿ ಬರೆದರು. ಜನ ಪ್ರೀತಿಯಿಂದ ಅವರನ್ನು 'ರೋಸಾಪ್ಪೂ ದೊರೈ', ಗುಲಾಬಿ ಹೂವಿನ ದೊರೆ ಎಂದು ಕರೆಯುತ್ತಿದ್ದರು. ಭಾಷೆ ಬೇರೆ, ಮತ ಬೇರೆ, ಊರು ಬೇರೆ. ಆದರೂ ಅನ್ಯಾಯ ಕಂಡಾಗ 'ನನಗೇನು' ಎನ್ನಲಿಲ್ಲ.

ಬೆರಳ ಗುರುತಿಗೆ ಇಷ್ಟೊಂದು ರೋಷವೇ?

ಇಂದು ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಸಿಮ್ ಕಾರ್ಡಿಗೆ ದಿನವೂ ಬೆರಳು ಒತ್ತುವ ನಮಗೆ ಇದು ವಿಚಿತ್ರ ಎನಿಸಬಹುದು. ಆದರೆ ದಕ್ಷಿಣ ಆಫ್ರಿಕಾದ ಭಾರತೀಯರಿಗೂ ಇದೇ ರೋಷ ಬಂದಿತ್ತು. 1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಏಷ್ಯಾದವರೆಲ್ಲ ಬೆರಳ ಗುರುತು ಕೊಟ್ಟು ನೋಂದಾಯಿಸಬೇಕು ಎಂದಿತು. ಅದರ ವಿರುದ್ಧ ಎದ್ದದ್ದೇ ಗಾಂಧೀಜಿಯವರ ಮೊದಲ ಸತ್ಯಾಗ್ರಹ. ಮುಂದೆ 1908ರಲ್ಲಿ ರಾಜಿಯಾದಾಗ ತಾವಾಗಿಯೇ ಬೆರಳ ಗುರುತು ಕೊಡಲು ಹೊರಟ ಗಾಂಧಿಯವರಿಗೆ ಸ್ವಂತ ಜನರಿಂದಲೇ ಪೆಟ್ಟು ಬಿತ್ತು. ಆ ದೇಶದ ಹೋರಾಟ ಮುಂದುವರಿದು ಜೈಲು ಸೇರಿದ ತಮಿಳು ಹುಡುಗಿ ತಿಲ್ಲೈಯಾಡಿ ವಳ್ಳಿಯಮ್ಮೈ 1914ರಲ್ಲಿ ಕಣ್ಣುಮುಚ್ಚಿದಳು.

ಬೆರಳು ಒತ್ತುವುದೇ ಅವಮಾನವಲ್ಲ. ಯಾರು, ಏಕೆ ಒತ್ತಿಸುತ್ತಾರೆ ಎಂಬುದೇ ಪ್ರಶ್ನೆ. ಹಕ್ಕುದಾರ ಎಂದು ಗುರುತಿಸಲು ಒತ್ತಿಸಿದರೆ ಅದು ಒಂದು ಮಾತು. ಅಪರಾಧಿ ಎಂದು ಮೊದಲೇ ತೀರ್ಮಾನಿಸಿ ಒತ್ತಿಸಿದರೆ ಅದು ಬೇರೆಯೇ ಮಾತು. ಪೆರುಂಗಾಮನಲ್ಲೂರಿನವರು ಓದುಬರಹ ಬಲ್ಲವರಲ್ಲದಿದ್ದರೂ ಈ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೂ 27 ವರ್ಷ

ಹದಿನಾರು ಜೀವ ಹೋದರೂ ಕಾಯಿದೆ ಹೋಗಲಿಲ್ಲ! ಮದರಾಸು ಪ್ರಾಂತ್ಯದಲ್ಲಿ ಅದು ರದ್ದಾಗಲು 1947 ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಮುತ್ತುರಾಮಲಿಂಗ ತೇವರ್ ಮೊದಲಾದವರು ಇದರ ವಿರುದ್ಧ ಊರೂರು ಸುತ್ತಿದರು. ಇಡೀ ದೇಶದಲ್ಲಿ ಕಾಯಿದೆ ಹೋದದ್ದು 1952ರ ಆಗಸ್ಟ್ 31ರಂದು. ಆ ದಿನವನ್ನು ಇಂದಿಗೂ ಅನೇಕ ಸಮುದಾಯಗಳು 'ವಿಮುಕ್ತ ದಿನ' ಎಂದು ಆಚರಿಸುತ್ತವೆ. ದೇಶಕ್ಕೆ 1947ರಲ್ಲಿ ಬಂದ ಸ್ವಾತಂತ್ರ್ಯ ಈ ಜನಕ್ಕೆ ಐದು ವರ್ಷ ತಡವಾಗಿ ಬಂತು ಎಂದು ಅವರು ಹೇಳುವುದು ಈ ಕಾರಣಕ್ಕೆ.

ಗುಂಡಿನ ಬಳಿಕ ಸರ್ಕಾರ ಇನ್ನೊಂದು ದಾರಿಯನ್ನೂ ಹಿಡಿಯಿತು. 1920ರ ದಶಕದಲ್ಲಿ 'ಕಳ್ಳರ್ ಸೀರಮೈಪ್ಪು', ಅಂದರೆ ಕಳ್ಳರ್ ಸುಧಾರಣೆ ಎಂಬ ಇಲಾಖೆಯ ಕೆಲಸ ಶುರುವಾಗಿ ಶಾಲೆ, ಹಾಸ್ಟೆಲ್, ಸಹಕಾರ ಸಂಘಗಳು ಬಂದವು. ಒಂದು ಕೈಯಲ್ಲಿ ಪೊಲೀಸ್ ರಿಜಿಸ್ಟರ್, ಇನ್ನೊಂದು ಕೈಯಲ್ಲಿ ಸ್ಲೇಟು! ಆದರೂ ಆ ಸ್ಲೇಟನ್ನು ಜನ ಬಿಡಲಿಲ್ಲ. ಮಧುರೆ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಈ ಶಾಲೆಗಳ ಸಂಖ್ಯೆ ಮುನ್ನೂರರ ಹತ್ತಿರಕ್ಕೆ ಬೆಳೆಯಿತು. 2023ರ ಬಜೆಟ್‌ನಲ್ಲಿ ಇವನ್ನು ಶಾಲಾ ಶಿಕ್ಷಣ ಇಲಾಖೆಗೆ ಸೇರಿಸುವುದಾಗಿ ತಮಿಳುನಾಡು ಸರ್ಕಾರ ಘೋಷಿಸಿದಾಗ ಈ ಭಾಗದಲ್ಲಿ ವಿರೋಧ ಎದ್ದಿತು. ಹೊರಗಿನವರಿಗೆ ಅದು ಬರೀ ಇಲಾಖೆ ಬದಲಾವಣೆ. ಅವರಿಗೆ ಅದು ಹಿರಿಯರು ರಕ್ತ ಕೊಟ್ಟು ಪಡೆದ ಆಸ್ತಿ.

ಕನ್ನಡ ನಾಡಿನಲ್ಲೂ ಇದೇ ಕಥೆ

ಇದು ತಮಿಳು ಸೀಮೆಯ ಸಂಗತಿ ಮಾತ್ರ ಎಂದು ತಿಳಿಯಬೇಕಿಲ್ಲ. ಹುಬ್ಬಳ್ಳಿ, ಗದಗ, ವಿಜಾಪುರಗಳು ಮುಂಬೈ ಪ್ರಾಂತ್ಯದಲ್ಲಿದ್ದಾಗ ಅಲ್ಲಿ ಇದೇ ಕಾಯಿದೆಯ ಕೆಳಗೆ ಸೆಟ್ಲ್‌ಮೆಂಟುಗಳು ಆದವು. ಗಂಟಿಚೋರರು, ಕೊರಚರು, ಹರಣಶಿಕಾರಿಗಳು ಮೊದಲಾದವರನ್ನು ಬೇಲಿಯೊಳಗೆ ಇಟ್ಟು ಹಾಜರಿ ಕೂಗಲಾಗುತ್ತಿತ್ತು. ಬೇಲಿ ಹೋಗಿ ಎಷ್ಟೋ ದಶಕಗಳಾದರೂ ಹುಬ್ಬಳ್ಳಿ, ಗದಗಗಳಲ್ಲಿ ಆ ಬಡಾವಣೆಗಳನ್ನು ಜನ 'ಸೆಟ್ಲ್‌ಮೆಂಟ್' ಎಂದೇ ಕರೆಯುತ್ತಾರೆ.

ಅದಕ್ಕೂ ಮೊದಲು, 1857ರಲ್ಲಿ, ಆಯುಧ ಒಪ್ಪಿಸಬೇಕು ಎಂಬ ಆಜ್ಞೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರು ಹೋರಾಡುತ್ತಾ ಸತ್ತರು, ಸೆರೆ ಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಹಲಗಲಿಯ ಹೆಸರು ಲಾವಣಿಯಲ್ಲಿ ಉಳಿಯಿತು. ಪೆರುಂಗಾಮನಲ್ಲೂರಿನ ಹೆಸರು ಅಲ್ಲಿಯ ಸ್ಮಾರಕ ಸ್ತಂಭದಲ್ಲಿ ಉಳಿದಿದೆ. 2020ರ ಏಪ್ರಿಲ್ 3ಕ್ಕೆ ನೂರು ವರ್ಷ ತುಂಬಿದಾಗ ದೇಶವೇ ಲಾಕ್‌ಡೌನ್‌ನಲ್ಲಿತ್ತು.

ಬಾಕಿ ಉಳಿದ ಲೆಕ್ಕ

ಕಾಯಿದೆ ಹೋದರೂ ನೆರಳು ಹೋಗಿಲ್ಲ. ಮದರಾಸಿನಲ್ಲಿ ಕಾಯಿದೆ ರದ್ದಾದ ಮರುವರ್ಷವೇ, 1948ರಲ್ಲಿ, ರೂಢಿಗತ ಅಪರಾಧಿಗಳ ಕಾಯಿದೆ ಬಂತು. ಜಾತಿಯ ಬದಲು ವ್ಯಕ್ತಿಯ ಹೆಸರು ರಿಜಿಸ್ಟರಿಗೆ ಹೋಯಿತು, ಆದರೆ ಪೊಲೀಸರ ಕಣ್ಣು ಹಳೆಯ ಮನೆಗಳ ಮೇಲೆಯೇ ಇತ್ತು. ತಮಿಳುನಾಡಿನಲ್ಲಿ 1979ರಲ್ಲಿ 'ವಿಮುಕ್ತ ಬುಡಕಟ್ಟು' ಎಂಬ ಹೆಸರು 'ವಿಮುಕ್ತ ಸಮುದಾಯ' ಎಂದು ಬದಲಾಯಿತು. ಆ ಒಂದು ಪದ ಮರಳಿ ಪಡೆಯಲು ದಶಕಗಳ ಕಾಲ ಮನವಿ, ಮೆರವಣಿಗೆ, ಧರಣಿ ನಡೆದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದುಮಾಡಿತು. ವಿಮುಕ್ತ ಸಮುದಾಯದವರನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಾಣುವ ರೂಢಿಯನ್ನೂ ಅದು ಖಂಡಿಸಿತು. 1871ರಿಂದ ಲೆಕ್ಕ ಹಾಕಿದರೆ 153 ವರ್ಷ!

ಹಾಗಾದರೆ ಈ ಕಥೆಯಿಂದ ತಿಳಿಯಬೇಕಾದ್ದೇನು? ಹಕ್ಕಿಗೆ ಬೆಲೆ ಇದೆ ಎಂಬುದು ಎಲ್ಲರಿಗೂ ಗೊತ್ತು. ಆ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕಳವಿನ ಭಯದಿಂದ ಬಿಡುಗಡೆ ಬೇಕು ಎಂದ ರೈತನ ಬೇಡಿಕೆ ನ್ಯಾಯವೇ ಆಗಿತ್ತು. ಅದಕ್ಕೆ ಒಂದು ಜಾತಿಯನ್ನೇ ರಿಜಿಸ್ಟರಿಗೆ ಏರಿಸಿದ್ದು ಅನ್ಯಾಯ. ತಪ್ಪು ಮಾಡಿದವನನ್ನು ಹಿಡಿಯುವುದಕ್ಕಿಂತ ಅವನ ಜಾತಿಯನ್ನು ಹಿಡಿಯುವುದು ಸುಲಭ, ಆದರೆ ಅದರ ಬಿಲ್ಲು ಮೂರು ನಾಲ್ಕು ತಲೆಮಾರಿಗೆ ಬರುತ್ತದೆ.

ಊರಲ್ಲಿ ಕಳವಾದಾಗ 'ಅವರದೇ ಕೆಲಸ ಇರಬೇಕು' ಎಂಬ ಮಾತು ಇಂದಿಗೂ ಎಷ್ಟೋ ಜಗಲಿಗಳಲ್ಲಿ, ಟೀ ಅಂಗಡಿಗಳಲ್ಲಿ ಕೇಳಿಬರುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಾವು ಎರಡೂ ಭಾಷೆಯಲ್ಲಿ ಆ ಮಾತು ಕೇಳಿದ್ದೇವೆ. ಮುಂದಿನ ಸಲ ಕೇಳಿದಾಗ 'ಅವರು ಅಂದರೆ ಯಾರು, ನೋಡಿದವರು ಯಾರು' ಎಂದು ಒಬ್ಬರಾದರೂ ಕೇಳಬೇಕು. ಹಾಗೆ ಕೇಳುವುದಕ್ಕೆ ಖರ್ಚಿಲ್ಲ. ಕೇಳದೇ ಇದ್ದುದಕ್ಕೆ ಹಿಂದೊಮ್ಮೆ ಹದಿನಾರು ಮನೆಗಳು ಬೆಲೆ ತೆತ್ತಿವೆ.