ಹೆದ್ದಾರಿಯ ಲಂಬವಕ್ರಗಳು ಮತ್ತು ದೃಷ್ಟಿದೂರ

ನೆಲದ ಏರುತಗ್ಗುಗಳನ್ನು ಅನುಸರಿಸಿ ಸಾಗುವ ಹೆದ್ದಾರಿಯಲ್ಲಿ ಎರಡು ಭಿನ್ನ ಪ್ರವಣತೆಗಳು ಸಂಧಿಸುವ ಸ್ಥಳಗಳು ಬಂದೇ ಬರುತ್ತವೆ. ಇಂಥ ಸಂಧಿಯನ್ನು ಕೋನವಾಗಿ ಬಿಡದೆ ಲಂಬತಲದಲ್ಲಿ ಒಂದು ವಕ್ರದಿಂದ ಕೂಡಿಸುವುದು ಪದ್ಧತಿ. ಏರು ಮುಗಿದು ಇಳಿಜಾರು ಮೊದಲಾಗುವೆಡೆ ಬರುವುದು ಶಿಖರವಕ್ರ. ಇಳಿಜಾರು ಮುಗಿದು ಏರು ಮೊದಲಾಗುವೆಡೆ ಬರುವುದು ಕಣಿವೆವಕ್ರ. ಇವುಗಳ ಜ್ಯಾಮಿತಿಯು ವಿದ್ಯಾರ್ಥಿಗೆ ಕಠಿನವಾದುದಲ್ಲ. ವಕ್ರವು ಎಷ್ಟು ಉದ್ದವಿರಬೇಕೆಂಬುದೇ ಚಿಂತಿಸಬೇಕಾದ ಪ್ರಶ್ನೆ. ಶಿಖರದ ಆಚೆಗೆ ಬಿದ್ದಿರುವ ಯಾವ ವಸ್ತುವು ಚಾಲಕನಿಗೆ ಕಾಣಲೇಬೇಕೆಂದು ನಾವು ಗೊತ್ತುಮಾಡುತ್ತೇವೆಯೋ, ಬಹುಮಟ್ಟಿಗೆ ಅದರಿಂದಲೇ ಶಿಖರವಕ್ರದ ಉದ್ದವು ನಿಶ್ಚಯವಾಗುತ್ತದೆ.

ವಕ್ರದ ರೂಪಕ್ಕೆ ಸಾಮಾನ್ಯವಾಗಿ ಪರವಲಯವನ್ನು ಆರಿಸುತ್ತಾರೆ. ಪರವಲಯದಲ್ಲಿ ಸಮಾನ ದೂರಗಳಿಗೆ ಪ್ರವಣತೆಯು ಸಮಾನವಾಗಿ ಬದಲಾಗುತ್ತದೆ. ಹೆದ್ದಾರಿಯ ಪ್ರವಣತೆಗಳು ಅಲ್ಪವಾದುದರಿಂದ ಅದಕ್ಕೂ ವೃತ್ತಚಾಪಕ್ಕೂ ಇರುವ ವ್ಯತ್ಯಾಸವು ನಗಣ್ಯವಾದರೂ, ಲೆಕ್ಕದ ಸೌಕರ್ಯದಲ್ಲಿ ಪರವಲಯವೇ ಮೇಲು. ಸಮಾನ ಅಂತರದ ಬಿಂದುಗಳ ಎತ್ತರಗಳನ್ನು ಸಾಲಾಗಿ ಬರೆದು, ಒಂದರಿಂದ ಮುಂದಿನದನ್ನು ಕಳೆದು, ಬಂದ ವ್ಯತ್ಯಾಸಗಳನ್ನು ಮತ್ತೊಮ್ಮೆ ಹಾಗೆಯೇ ಕಳೆದರೆ, ಈ ಎರಡನೆಯ ವ್ಯತ್ಯಾಸಗಳೆಲ್ಲವೂ ಒಂದೇ ಆಗಿರಬೇಕು. ಆಗದಿದ್ದಲ್ಲಿ ಲೆಕ್ಕದಲ್ಲಿ ದೋಷವಿದೆ. ಇದು ಎರಡು ನಿಮಿಷಗಳ ಪರೀಕ್ಷೆ; ವಿದ್ಯಾರ್ಥಿಗಳು ಇದನ್ನು ಬಿಡಲಾಗದು.

ಕಣಿವೆವಕ್ರದ ಮಾತನ್ನು ಮೊದಲು ಮುಗಿಸೋಣ. ಹಗಲಿನಲ್ಲಿ ಇಲ್ಲಿ ದೃಷ್ಟಿಗೆ ಅಡ್ಡಿಯಿಲ್ಲ. ರಾತ್ರಿಯಾದರೋ ವಾಹನದ ದೀಪದ ಬೆಳಕು ಎದುರಿನ ಏರಿಗೆ ತಾಗಿ ಮೊಟಕಾಗುತ್ತದೆ. ಆದುದರಿಂದ ಬೆಳಕು ಹರಡುವ ದೂರವು ವಾಹನವನ್ನು ನಿಲ್ಲಿಸಲು ಬೇಕಾದ ದೂರಕ್ಕಿಂತ ಕಡಿಮೆಯಾಗದಂತೆ ಉದ್ದವನ್ನು ಇಡಬೇಕು. ದೀಪವು 0.75 ಮೀಟರು ಎತ್ತರದಲ್ಲಿದ್ದು ಕಿರಣವು ಒಂದು ಡಿಗ್ರಿಯಷ್ಟು ಮೇಲಕ್ಕೆ ಹರಡುವುದೆಂದು ಭಾವಿಸಿ ಲೆಕ್ಕಹಾಕುತ್ತಾರೆ. ಇನ್ನೊಂದು ಅಂಶ ನೀರಿಗೆ ಸಂಬಂಧಿಸಿದುದು. ಶೇಕಡಾ 4ರ ಇಳಿಜಾರೂ ಶೇಕಡಾ 2ರ ಏರೂ 250 ಮೀಟರಿನ ವಕ್ರದಿಂದ ಕೂಡಿದ್ದರೆ, ಅತ್ಯಂತ ತಗ್ಗಾದ ಬಿಂದುವು ವಕ್ರದ ಆರಂಭದಿಂದ 167 ಮೀಟರಿನಲ್ಲಿರುತ್ತದೆ. ಪ್ರವಣತೆಗಳ ಸಂಧಿಬಿಂದುವಿರುವುದು 125 ಮೀಟರಿನಲ್ಲಿ. ನಕ್ಷೆಯಲ್ಲಿ ಸಂಧಿಬಿಂದುವನ್ನೇ ನೋಡಿ ಅಲ್ಲಿ ಕಿಂಡಿಯನ್ನಿಟ್ಟರೆ ಮಳೆಯ ನೀರು ಅದನ್ನು ದಾಟಿ 42 ಮೀಟರು ಮುಂದೆ ಹೋಗಿ ನಿಲ್ಲುತ್ತದೆ.

ಶಿಖರದಲ್ಲಿ ರಸ್ತೆಯೇ ದೃಷ್ಟಿಗೆ ಅಡ್ಡ. ಚಾಲಕನ ಕಣ್ಣಿನಿಂದ ಎದುರಿನ ವಸ್ತುವಿನ ತುದಿಗೆ ಎಳೆದ ಸರಳರೇಖೆಯು ವಕ್ರವನ್ನು ಸ್ಪರ್ಶಿಸುವ ಸ್ಥಿತಿಯೇ ಮಿತಿ. ವಕ್ರವು ದೃಷ್ಟಿದೂರಕ್ಕಿಂತ ಉದ್ದವಾಗಿರುವಲ್ಲಿ ಅನ್ವಯಿಸುವ ಸೂತ್ರವಿದು:

ಉ = ಅ × ದ² ÷ ಕ

ಇಲ್ಲಿ ಉ ಎಂಬುದು ವಕ್ರದ ಉದ್ದ, ಅ, ಎರಡು ಪ್ರವಣತೆಗಳ ಬೀಜಗಣಿತೀಯ ಅಂತರ, ದ, ದೃಷ್ಟಿದೂರ. ಕಣ್ಣಿನ ಎತ್ತರವನ್ನೂ ವಸ್ತುವಿನ ಎತ್ತರವನ್ನೂ ಪ್ರತ್ಯೇಕವಾಗಿ ಇಮ್ಮಡಿಸಿ, ಅವುಗಳ ವರ್ಗಮೂಲಗಳನ್ನು ಕೂಡಿಸಿ, ಮೊತ್ತವನ್ನು ವರ್ಗಮಾಡಿದರೆ ಕ ದೊರೆಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1980ರ ಸಂಹಿತೆಯು ಕಣ್ಣಿಗೆ 1.2 ಮೀಟರನ್ನೂ ವಸ್ತುವಿಗೆ 0.15 ಮೀಟರನ್ನೂ ಅಂಗೀಕರಿಸಿತು. ಆಗ ಕ 4.4 ಆಗುತ್ತದೆ.

ಗಂಟೆಗೆ 100 ಕಿ.ಮೀ. ವೇಗದಲ್ಲಿ, ಪ್ರತಿಕ್ರಿಯೆಗೆ 2.5 ಸೆಕೆಂಡು ಹಿಡಿದರೆ, ಬ್ರೇಕು ಕೆಲಸಮಾಡುವ ಮೊದಲೇ ವಾಹನವು ಸುಮಾರು 70 ಮೀಟರು ಸರಿದಿರುತ್ತದೆ, ಘರ್ಷಣಾಂಕವು 0.35 ಇದ್ದಲ್ಲಿ ನಿಲ್ಲಲು ಇನ್ನೂ 112 ಮೀಟರು ಬೇಕು. ಸಂಹಿತೆಯು ಇದನ್ನು 180 ಮೀಟರೆಂದು ಗೊತ್ತುಪಡಿಸಿತು. ಶೇಕಡಾ 3 ಏರಿ ಶೇಕಡಾ 3 ಇಳಿಯುವ ಶಿಖರಕ್ಕೆ ಇದನ್ನು ಅನ್ವಯಿಸಿದರೆ ವಕ್ರದ ಉದ್ದ 442 ಮೀಟರು. ಅದೇ ಶಿಖರಕ್ಕೆ 80 ಕಿ.ಮೀ. ವೇಗದಲ್ಲಿ ದೃಷ್ಟಿದೂರ 120 ಮೀಟರು, ವಕ್ರದ ಉದ್ದ 196 ಮೀಟರು. ವೇಗವು ಕಾಲುಭಾಗ ಹೆಚ್ಚಿದುದಕ್ಕೆ ಉದ್ದವು ಇಮ್ಮಡಿಯನ್ನೂ ಮೀರಿತು. ಸಂಧಿಬಿಂದುವಿನಿಂದ ಕೆಳಕ್ಕೆ ಕಡಿಯಬೇಕಾದ ಆಳವು ಅ ಮತ್ತು ಉ ಇವುಗಳ ಗುಣಲಬ್ಧದ ಎಂಟನೆಯ ಒಂದು ಪಾಲು. ಅದೂ ಒಂದೂವರೆ ಮೀಟರಿನಿಂದ 3.3 ಮೀಟರಿಗೆ ಏರುತ್ತದೆ. ನೆಲ ಬಂಡೆಯಾಗಿದ್ದರೆ ಈ ವೆಚ್ಚಕ್ಕೆ ಹಿಂಜರಿಯುವುದು ಸಹಜವೇ.

ಹಿಂಜರಿದುದರ ಫಲವನ್ನೂ ಲೆಕ್ಕಹಾಕಬಹುದು. ಹಳೆಯ ರಸ್ತೆಯನ್ನು ಅಗಲಮಾಡಿ, ಹೊಸ ಡಾಂಬರು ಹಾಸಿ, 196 ಮೀಟರಿನ ಶಿಖರವಕ್ರವನ್ನು ಹಾಗೆಯೇ ಉಳಿಸಿದರೆನ್ನೋಣ. ನುಣುಪಾದ ದಾರಿಯಲ್ಲಿ 100 ಕಿ.ಮೀ. ವೇಗದಿಂದ ಬರುವವನಿಗೆ ಅಡ್ಡಬಿದ್ದ ಕಲ್ಲು ಕಾಣುವುದು 120 ಮೀಟರು ದೂರದಲ್ಲಿ. ಬ್ರೇಕಿಗೆ ಉಳಿದ ದೂರ ಐವತ್ತೇ ಮೀಟರು. ಕಲ್ಲನ್ನು ತಲಪುವಾಗ ಅವನ ವೇಗ ಇನ್ನೂ ಗಂಟೆಗೆ 74 ಕಿ.ಮೀ. ಇರುತ್ತದೆ.

ವಸ್ತುವಿನ ಎತ್ತರದ ವಿಷಯದಲ್ಲಿ ಎಲ್ಲ ದೇಶಗಳದೂ ಒಂದೇ ಮತವಲ್ಲ. ಅಮೆರಿಕದ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘವು 1965ರಲ್ಲಿ ಆರು ಅಂಗುಲವನ್ನು ಹಿಡಿದಿತ್ತು. 2001ರಲ್ಲಿ ಅದನ್ನು 0.6 ಮೀಟರಿಗೆ ಏರಿಸಿ, ಕಣ್ಣಿನ ಎತ್ತರವನ್ನು 1.08 ಮೀಟರೆಂದು ಇಟ್ಟಿತು. ಮುಂದಿನ ವಾಹನದ ಹಿಂಬದಿಯ ಕೆಂಪು ದೀಪ ಕಂಡರೆ ಸಾಕೆಂಬುದು ಇದರ ಆಶಯ. ಆಗ ಕ 6.58 ಆಗಿ, ಅದೇ 180 ಮೀಟರಿನ ದೃಷ್ಟಿದೂರಕ್ಕೆ ನಮ್ಮ ಶಿಖರವು 295 ಮೀಟರಿನಲ್ಲಿ ಮುಗಿಯುತ್ತದೆ. ಅಲ್ಲಿನ ರಾಜಮಾರ್ಗಗಳಿಗೆ ಇದು ಒಪ್ಪಬಹುದು. ನಮ್ಮಲ್ಲಿ ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಒಡ್ಡಿದ ಕಲ್ಲುಗಳು ಲಾರಿ ಹೊರಟ ಮೇಲೂ ರಸ್ತೆಯಲ್ಲೇ ಉಳಿಯುವುದುಂಟು. ಸುಗ್ಗಿಯಲ್ಲಿ ರಾಗಿಯ ತೆನೆಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡಿ ಒಕ್ಕುವುದುಂಟು. ಇವಾವುದಕ್ಕೂ ಕೆಂಪು ದೀಪವಿಲ್ಲ. ವೆಚ್ಚದ ಉಳಿತಾಯಕ್ಕಾಗಿ 0.15 ಮೀಟರನ್ನು ಬಿಟ್ಟುಕೊಡುವುದು ಇಲ್ಲಿ ಸಾಧುವಲ್ಲವೆಂದು ಈ ಲೇಖಕನ ಅಭಿಪ್ರಾಯ. 10 ಸೆಂಟಿಮೀಟರು ಎತ್ತರದ ವೇಗತಡೆಯ ಉಬ್ಬನ್ನು ಶಿಖರದ ಆಚೆಗೆ ನಿರ್ಮಿಸಿದರೆ ಈ ಅಳತೆಗೂ ಅದು ಸಕಾಲದಲ್ಲಿ ಕಾಣದೆಂಬುದನ್ನು ಗಮನಿಸಬೇಕು.

ಮುಂದಿನ ವಾಹನವನ್ನು ಹಿಂದಿಕ್ಕಲು ಬೇಕಾದ ದೃಷ್ಟಿದೂರವನ್ನೇ ಶಿಖರದಲ್ಲಿಯೂ ಒದಗಿಸಬಾರದೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇಲ್ಲಿ ಕಾಣಬೇಕಾದುದು ಎದುರಿನಿಂದ ಬರುವ ವಾಹನವಾದುದರಿಂದ ವಸ್ತುವಿನ ಎತ್ತರವೂ 1.2 ಮೀಟರು, ಕ 9.6. ಆದರೆ 100 ಕಿ.ಮೀ. ವೇಗಕ್ಕೆ ಸಂಹಿತೆಯು ವಿಧಿಸಿದ ದೂರ 640 ಮೀಟರು. ಮೇಲಿನ ಶಿಖರಕ್ಕೇ ಇದನ್ನು ಅನ್ವಯಿಸಿದರೆ ವಕ್ರವು 2,560 ಮೀಟರೂ ಕಡಿತವು 19 ಮೀಟರೂ ಆಗುತ್ತದೆ! ಆದುದರಿಂದ ಎರಡೂ ದಿಕ್ಕಿನ ಸಂಚಾರವಿರುವ ರಸ್ತೆಯ ಶಿಖರವನ್ನು ಸಾಮಾನ್ಯವಾಗಿ ನಿಲುಗಡೆಯ ದೂರಕ್ಕೆ ರಚಿಸಿ, ನಡುವೆ ದಾಟಬಾರದ ಅಖಂಡರೇಖೆಯನ್ನು ಎಳೆಯುತ್ತಾರೆ. ಆ ರೇಖೆಯ ಆರಂಭವನ್ನು ಸ್ಥಳದಲ್ಲಿ ದೃಷ್ಟಿದೂರವನ್ನು ಅಳೆದೇ ಗುರುತಿಸಬೇಕು. ಶಿಖರಬಿಂದುವಿನ ಇಕ್ಕೆಲದಲ್ಲಿ ಅಂದಾಜಿನಿಂದ ಬಣ್ಣ ಬಳಿದರೆ, ರೇಖೆ ಮೊದಲಾಗುವಷ್ಟರಲ್ಲಿ ಚಾಲಕನು ಎದುರಿನವರ ಪಕ್ಕಕ್ಕೆ ಹೊರಳಿ ಆಗಿರುತ್ತದೆ.