ಕೂತಲ್ಲೇ ಆಡುವ ಪುರಾಣ

ನಮ್ಮ ಬಳಗದ ಸಭೆ ಮುಗಿದ ಮೇಲೆ ಒಬ್ಬ ಗೆಳೆಯ ಕೇಳಿದ: "ರವಿವಾರ ರಾತ್ರಿ ಚಾಪೆ ಹಾಸಿಕೊಂಡು ಅದೇನೋ ಆಡತೀರಂತಲ್ಲ, ಜೂಜೇನು?" ಜೂಜಲ್ಲ ಎಂದೆ. "ಮತ್ತೇನು, ನಾಟಕವೇ?" ಪೂರ್ತಿ ನಾಟಕವೂ ಅಲ್ಲ. ಹಾಗಾದರೆ ಏನು ಎಂಬುದನ್ನು ಅಲ್ಲೇ ನಿಂತು ಹೇಳಲು ನನ್ನಿಂದಾಗಲಿಲ್ಲ. ಆದ್ದರಿಂದ ಈ ಲೇಖನ. ಸಾಹಿತ್ಯದ ವಿದ್ಯಾರ್ಥಿಗಳು ಕ್ಷಮಿಸಬೇಕು; ನಾನು ಕಾಮರ್ಸಿನವನು, ಜಮಾ-ಖರ್ಚಿನ ಭಾಷೆಯಲ್ಲಿ ತಿಳಿದಷ್ಟು ಹೇಳುತ್ತೇನೆ.

ಇದಕ್ಕೆ ಇಂಗ್ಲಿಷಿನಲ್ಲಿ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಪಾತ್ರದ ಆಟ ಎನ್ನೋಣ. ನಾಲ್ಕೈದು ಜನ ಕೂಡುತ್ತಾರೆ. ಒಬ್ಬ ಸೂತ್ರಧಾರ. ಉಳಿದವರು ತಲಾ ಒಂದು ಪಾತ್ರ. "ಎದುರಿಗೆ ಗುಹೆ ಇದೆ, ಒಳಗಿನಿಂದ ಕುರಿಗಳ ವಾಸನೆ ಬರುತ್ತಿದೆ, ಏನು ಮಾಡತೀರಿ?" ಎಂದು ಸೂತ್ರಧಾರ ಕೇಳುತ್ತಾನೆ. ತಮ್ಮ ಪಾತ್ರ ಏನು ಮಾಡುತ್ತದೆ, ಏನು ಮಾತಾಡುತ್ತದೆ ಎಂದು ಆಟಗಾರರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ಉರುಳಿಸಬೇಕು. ಈ ಬಗೆಯ ಮೊದಲ ಅಚ್ಚಾದ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಎಂಬಿಬ್ಬರು ಅದನ್ನು ಹೊರತಂದರು. ಈಗಿನ ನಿಯಮದಂತೆ ದಾಳಕ್ಕೆ ಇಪ್ಪತ್ತು ಮುಖ. ಕೆಲಸಕ್ಕೆ 15 ಬೇಕು, ನಿಮ್ಮ ಪಾತ್ರದ ಜಾಣತನಕ್ಕೆ 2 ಸೇರುತ್ತದೆ ಎಂದರೆ ದಾಳದಲ್ಲಿ 13 ಅಥವಾ ಮೇಲೆ ಬೀಳಬೇಕು. ಇಪ್ಪತ್ತರಲ್ಲಿ ಎಂಟು ಅವಕಾಶ, ಅಂದರೆ ನೂರಕ್ಕೆ 40. ನಮ್ಮಲ್ಲಿ ಅಂಥ ದಾಳ ಇರಲಿಲ್ಲ. ಇಪ್ಪತ್ತು ಚೀಟಿ ಬರೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿದೆವು. ಲೆಕ್ಕ ಅದೇ.

ಇನ್ನು ಕಥೆ ನಡೆಯುವ ಲೋಕ. ಹಲವು ಲೋಕಗಳಿವೆ, ಅದರಲ್ಲಿ ಗ್ರೀಕ್ ಪುರಾಣದ ಲೋಕ ಆಟ ಬರೆಯುವವರಿಗೆ ಬಹಳ ಇಷ್ಟ. ಕಾರಣ ಸರಳವಿದೆ. ಟ್ರಾಯ್ ಯುದ್ಧ ಮುಗಿಸಿ ಒಡಿಸ್ಯೂಸ್ ಮನೆಗೆ ಹೊರಟವನು ಮುಟ್ಟುವುದಕ್ಕೆ ಹತ್ತು ವರ್ಷ ಬೇಕಾಯಿತು. ದಾರಿಯಲ್ಲಿ ಒಂದೊಂದು ದ್ವೀಪಕ್ಕೆ ಒಂದೊಂದು ಸಂಕಟ. ಒಂದು ರಾತ್ರಿಗೆ ಒಂದು ದ್ವೀಪ ಎಂದರೆ ಆಟಕ್ಕೆ ಅಳತೆ ಮಾಡಿ ಹೊಲಿಸಿದಂತೆ! ಎರಡನೆಯದಾಗಿ ಅಲ್ಲಿಯ ದೇವರುಗಳು ಒಮ್ಮತದಲ್ಲಿಲ್ಲ. ಅಥೀನಾ ಒಡಿಸ್ಯೂಸನ ಕಡೆ, ಸಮುದ್ರದ ದೇವರು ಪೊಸೈಡನ್ ಅವನ ವೈರಿ. ನೀವು ಯಾರ ಪಕ್ಷ ಎಂಬ ಪ್ರಶ್ನೆ ತಾನೇ ಹುಟ್ಟುತ್ತದೆ.

ಎರಡು ಆಟಗಳನ್ನು ಉದಾಹರಣೆಗೆ ಹೇಳುತ್ತೇನೆ. ಜಾನ್ ಹಾರ್ಪರ್ ಬರೆದ 'ಅಗಾನ್' 2006ರಲ್ಲಿ ಬಂತು, ಬದಲಾದ ಆವೃತ್ತಿ 2020ರಲ್ಲಿ. ಅದರಲ್ಲಿ ವೀರರು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾರೆ. ಹೊಸ ಆವೃತ್ತಿಯಲ್ಲಿ ಸ್ಪರ್ಧೆಗೆ ಇಳಿಯುವಾಗ ಆಟಗಾರ ತನ್ನ ಬಿರುದು, ಹೆಸರು, ಕುಲ ಎಲ್ಲ ದೊಡ್ಡ ದನಿಯಲ್ಲಿ ಹೇಳಬೇಕು. ಹೆಸರಿಗೊಂದು ದಾಳ, ಬಿರುದಿಗೊಂದು ದಾಳ. ಬಯಲಾಟದ ರಾಜ ರಂಗಕ್ಕೆ ಬಂದು "ನಾನು ಯಾರೆಂದರೆ" ಎನ್ನುವುದನ್ನು ಕಂಡ ನಮಗೆ ಇದು ಹೊಸದೇನಲ್ಲ. ಇನ್ನೊಂದು 2020ರಲ್ಲೇ ಬಂದ 'ಥೀರೋಸ್'. ಅಲ್ಲಿ ಭಕ್ತಿಗೂ ಅಂಕೆಯಿದೆ. ನಿಮ್ಮ ದೇವರ ಕೆಲಸ ಮಾಡಿದರೆ ಏರುತ್ತದೆ, ತಪ್ಪಿದರೆ ಇಳಿಯುತ್ತದೆ. 3, 10, 25, 50 ಮುಟ್ಟಿದಾಗ ಒಂದೊಂದು ವರ. ನಮ್ಮ ಲೆಡ್ಜರ್ ಪುಸ್ತಕ ದೇವಲೋಕದಲ್ಲೂ ಇದೆ ಎಂದಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ನಮ್ಮ ಕೋಣೆಯಲ್ಲೂ ಎದ್ದಿತು. "ನಮ್ಮಲ್ಲಿ ಮಹಾಭಾರತ ಇರುವಾಗ ಗ್ರೀಕರ ಹಂಗು ಯಾಕೋ?" ಸರಿಯಾದ ಮಾತೇ. ಆದರೆ 1980ರಲ್ಲಿ ಬಂದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಪುಸ್ತಕದಲ್ಲಿ ಗ್ರೀಕ್ ದೇವರುಗಳ ಜೊತೆಗೆ ನಮ್ಮ ದೇವರುಗಳನ್ನೂ ಸೇರಿಸಿ, ಎಷ್ಟು ಏಟಿಗೆ ಬೀಳುತ್ತಾರೆ ಎಂದು ಅಂಕೆ ಹಾಕಿಬಿಟ್ಟರು. ಝ್ಯೂಸನಿಗೆ ಹಾಗೆ ಅಂಕೆ ಹಾಕಿದರೆ ಇಂದು ನೋಯುವವರು ಕಡಿಮೆ. ನಮ್ಮ ದೇವರು ಹಾಗಲ್ಲ; ನನ್ನ ಅವ್ವ ದಿನಾ ದೀಪ ಹಚ್ಚುವ ಜಗಲಿಯ ಮೇಲೆ ಇದ್ದಾನೆ. ಅವನಿಗೆ ಅಂಕೆ ಹಾಕಲು ನನ್ನ ಕೈ ಬರುವುದಿಲ್ಲ.

ದಾರಿ ತೋರಿಸಿದವರು ಬಿ.ಎಂ.ಶ್ರೀ. ಸಾಫೊಕ್ಲೀಸನ 'ಏಜಾಕ್ಸ್' ನಾಟಕದಲ್ಲಿ ಅಕಿಲೀಸನ ಆಯುಧ ತನಗೆ ಸಿಗಲಿಲ್ಲವೆಂದು ವೀರನೊಬ್ಬ ಕೆರಳುತ್ತಾನೆ. ಅಥೀನಾ ಕವಿಸಿದ ಭ್ರಮೆಯಲ್ಲಿ, ಸೇನಾಪತಿಗಳೆಂದು ತಿಳಿದು ದನ-ಕುರಿಗಳನ್ನು ಕಡಿಯುತ್ತಾನೆ. ತಿಳಿವು ಬಂದಾಗ ನಾಚಿ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಬಿ.ಎಂ.ಶ್ರೀ 1929ರಲ್ಲಿ ಇದನ್ನೇ 'ಅಶ್ವತ್ಥಾಮನ್' ಮಾಡಿದರು, ಅದೂ ಹಳಗನ್ನಡದಲ್ಲಿ. ಚಿರಂಜೀವಿ ಎನಿಸಿದ ಅಶ್ವತ್ಥಾಮನನ್ನು ಸಾಯಿಸುವ ಧೈರ್ಯ ಮಾಡಿದರು. ಅಚ್ಚು ಗ್ರೀಕರದು, ಎರಕ ನಮ್ಮದು. ಆಟಕ್ಕೂ ಇದೇ ನ್ಯಾಯ ಸಲ್ಲಬಾರದೇಕೆ?

ಈಗ ನನ್ನ ಮಾತು. ನಾನು ಓದಿದ್ದು ಇಂಡಿ ತಾಲೂಕಿನ ಕನ್ನಡ ಶಾಲೆಯಲ್ಲಿ. ಕೋಥರೂಡದಲ್ಲಿ ಬೀದಿಗೆ ಮರಾಠಿ, ಕ್ಲಾಸಿಗೆ ಇಂಗ್ಲಿಷ್. ಮೊದಲ ಸಲ ಈ ಆಟಕ್ಕೆ ಕರೆದಾಗ ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನ್ನದು ಹಡಗಿನ ಹುಟ್ಟುಗಾರನ ಪಾತ್ರ. ಮೂರು ತಾಸು ಕೂತೆ. ಆಡಿದ ಮಾತು "ಯೆಸ್", "ಐ ಅಟ್ಯಾಕ್", ಇಷ್ಟೇ. ಹೇಳುವುದು ಇರಲಿಲ್ಲವೆಂದಲ್ಲ, ಬಾಯಿ ಬರಲಿಲ್ಲ. ಮನೆಗೆ ಬರುವಾಗ ನಾನು ದಡ್ಡನೇ ಇರಬೇಕು ಅನಿಸಿತ್ತು.

ಮುಂದಿನ ವಾರ ನಮ್ಮ ಕೋಣೆಯಲ್ಲೇ ಕನ್ನಡದಲ್ಲಿ ಆಡಿದೆವು. ಸೂತ್ರಧಾರ ಕುಂದಾಪುರದ ಕಡೆಯವ, ತಾಳಮದ್ದಳೆ ಕೇಳಿ ಬೆಳೆದವ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆಶುವಾಗಿ ಪಾತ್ರವಾಗಿ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಇದರಿಂದಲೇ ದೊಡ್ಡ ಹೆಸರಾದವರು. ಒಂದೇ ವ್ಯತ್ಯಾಸ: ಅಲ್ಲಿ ಮಾತು ಎಷ್ಟು ಸ್ವತಂತ್ರವಾದರೂ ಪ್ರಸಂಗದ ಕೊನೆ ಗೊತ್ತಿದ್ದದ್ದೇ, ವಾಲಿ ಬೀಳಲೇಬೇಕು. ಇಲ್ಲಿ ಕೊನೆ ಡಬ್ಬಿಯೊಳಗಿನ ಚೀಟಿಯಲ್ಲಿದೆ.

ಅಂದು ಒಕ್ಕಣ್ಣ ರಾಕ್ಷಸನ ಗುಹೆಗೆ ಬಂದೆವು. ನಾನು ಮುಂದೆ ಬಂದು, "ಯಜಮಾನ್ರ, ಬಾಗಿಲಿಗೆ ಬಂದವರಿಗೆ ನೀರು-ಬೆಲ್ಲ ಕೊಡೋದು ನಮ್ಮೂರ ರೀತಿ. ಅತಿಥಿಯನ್ನ ಕಾಯೋ ದೇವರು ನಿಮ್ಮ ಕಡೆನೂ ಇದ್ದಾನಂತ" ಎಂದೆ. ಸೂತ್ರಧಾರ ರಾಕ್ಷಸನಾಗಿ, "ನಿನ್ನ ದೇವರು ನಿನ್ನೂರಿನ ಗಡಿಯಲ್ಲೇ ನಿಂತ, ಮರಿ. ಇಲ್ಲಿ ಹಸಿವೇ ದೇವರು" ಎಂದ. ಹೀಗೇ ಒಂದು ತಾಸು! ಕಡೆಗೆ ಚೀಟಿ ತೆಗೆದೆ: 4. ಬೇಕಾಗಿದ್ದು 13. ರಾಕ್ಷಸ ನನ್ನನ್ನು ತಿಂದ. ಸೋತೆ, ಆದರೆ ಆ ರಾತ್ರಿ ನಾನು ದಡ್ಡನೆಂದು ನನಗನ್ನಿಸಲಿಲ್ಲ.

ಒಂದು ಉಪಯುಕ್ತ ಸಂಗತಿ ಹೇಳಿ ಮುಗಿಸುತ್ತೇನೆ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಒಂದು ಸಂಗ್ರಹವನ್ನು ಮುಕ್ತಗೊಳಿಸಿದರು. ಮೂಲ ಯಾರದೆಂದು ಹೇಳಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು, ಹಂಚಬಹುದು. ಕನ್ನಡಕ್ಕೆ ತರಲು ನಮ್ಮನ್ನು ತಡೆಯುವವರು ಯಾರು? ಒಡಿಸ್ಯೂಸ್ ಒಕ್ಕಣ್ಣನಿಗೆ ತನ್ನ ಹೆಸರು ಹೇಳಿದ ಹಾಗೆ: "ಯಾರೂ ಇಲ್ಲ!" ನಿಯಮದ ಮೊದಲ ನಾಲ್ಕು ಪುಟ ನಾನು ಅನುವಾದ ಮಾಡಿಟ್ಟಿದ್ದೇನೆ. ತಪ್ಪು ತಿದ್ದುವವರು ರವಿವಾರ ಬರಬೇಕು. ಚಾಪೆ ನಮ್ಮದು, ಚುರಮುರಿ ನಿಮ್ಮದು.